ಮೇಜಿಗೆ ಏಳದ ಮೂರು ಭಾನುವಾರ

ನಾನು ಬಸ್ ಕಂಡಕ್ಟರ್. ಕಲಬುರಗಿಯಿಂದ ಕಪನೂರ, ಕಮಲಾಪುರ ದಾಟಿ ಹುಮನಾಬಾದಿಗೆ ಹೋಗಿ ಬರುವ ಗಾಡಿ ನನ್ನದು. ಬಾಗಿಲಲ್ಲಿ ಜೋತುಬಿದ್ದವರನ್ನು ಒಳಗೆ ಸರಿಸಿ, ಸೀಟಿಗಾಗಿ ಕಿತ್ತಾಡುವವರನ್ನು ಬೈದು, ಹಿಂದಿನ ಸಾಲಿಗೂ ಕೇಳುವಂತೆ ಸ್ಟಾಪಿನ ಹೆಸರು ಕೂಗಿ ಕೂಗಿ, ನನ್ನ ಬಾಯಿ ಡಿಪೋದಲ್ಲೆಲ್ಲ ಹೆಸರುವಾಸಿ. ಅಂಥ ಬಾಯಿಗೆ ಮೂರು ತಿಂಗಳು ಒಂದು ಮಾತು ಹೇಳಲಾಗಲಿಲ್ಲ. ನನಗೆ ಟಿಬಿ ಆಗಿದೆ ಎಂಬ ಮಾತು. ಈಗ ಗುಣವಾಗಿ ಎರಡು ವರ್ಷವಾಯಿತು. ಡ್ಯೂಟಿಗೆ ಹೋಗುತ್ತಿದ್ದೇನೆ, ಬಾಯಿಯೂ ಮೊದಲಿನಂತೆಯೇ ನಡೆಯುತ್ತಿದೆ. ಆದರೆ ಆ ದಿನಗಳಲ್ಲಿ ನನ್ನಂಥವಳೊಬ್ಬಳು ತನ್ನ ಪಾಡು ಬರೆದಿಟ್ಟಿದ್ದರೆ ಓದಿ ಒಂದಿಷ್ಟು ಸಮಾಧಾನ ಪಡುತ್ತಿದ್ದೆ ಅನಿಸುತ್ತದೆ. ಅದಕ್ಕೇ ಬರೆಯುತ್ತಿದ್ದೇನೆ.

ಕೆಮ್ಮು ಶುರುವಾದಾಗ ನಾನು ರಸ್ತೆಯ ಧೂಳಿನ ಮೇಲೆ ತಪ್ಪು ಹೊರಿಸಿದೆ. ನಮ್ಮ ಓಣಿಯ ಡಾಕ್ಟರೂ ಅದನ್ನೇ ಅಂದು ಸಿರಪ್ಪು ಬರೆದುಕೊಟ್ಟರು. ಬಾಟಲಿ ಮುಗಿಯಿತು, ಕೆಮ್ಮು ಮುಗಿಯಲಿಲ್ಲ. ಸಂಜೆ ಆದರೆ ಮೈ ಬೆಚ್ಚಗಾಗುತ್ತಿತ್ತು, ಖಾಕಿ ಅಂಗಿ ಹೆಗಲ ಮೇಲೆ ಸಡಿಲವಾಗಿ ಜಾರುತ್ತಿತ್ತು. ನನ್ನ ಗಂಡ ಸಮುವೇಲ ಕಪನೂರಿನ ಲೇಥ್ ವರ್ಕ್‌ಶಾಪಿನಲ್ಲಿ ಕೆಲಸ ಮಾಡುತ್ತಾರೆ. ಮಾತು ಕಡಿಮೆ. ಒಂದು ದಿನ ರಜೆ ಹಾಕಿ ಬಂದು, "ನಡಿ" ಅಂದು ಸೇಡಂ ರಸ್ತೆಯ ದೊಡ್ಡ ದವಾಖಾನೆಗೆ ಕರೆದುಕೊಂಡು ಹೋದರು.

ಅಲ್ಲಿಯ ಡಾಕ್ಟರು ಎಕ್ಸ್‌ರೇ ಹಾಳೆಯನ್ನು ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದರು. ಆಮೇಲೆ ನನ್ನನ್ನಲ್ಲ, ಸಮುವೇಲರನ್ನು ನೋಡಿ, "ಸರ್ಕಾರಿ ಸೆಂಟರಿಗಿ ಬರದು ಕೊಡ್ತೀನಿ. ಕಫ ಪರೀಕ್ಷಾ ಮಾಡಸ್ರಿ, ಗುಳಗಿ ಅಲ್ಲೇ ಕೊಡ್ತಾರ. ಅಂಜಬ್ಯಾಡ್ರಿ, ಪೂರಾ ಗುಣ ಆಗ್ತದ" ಅಂದರು. ಅವರು ಅಂಜಬೇಡಿ ಅಂದಾಗಲೇ ನನಗೆ ಅಂಜಿಕೆ ಬಂದದ್ದು.

ಅಂಜಿಕೆಗೆ ಕಾರಣವಿತ್ತು. ನನ್ನ ಅಪ್ಪ ಇದೇ ರೋಗದಲ್ಲಿ ತೀರಿಕೊಂಡವರು. ನಾನಾಗ ಶಾಲೆಯಲ್ಲಿ ಐದನೇ ಇಯತ್ತೆ. ಕೋಟನೂರಿನ ನಮ್ಮ ತವರುಮನೆಯಲ್ಲಿ ಅಪ್ಪನ ತಾಟು, ಲೋಟ ಬೇರೆ, ಹೊರಗಿನ ಗೂಡಿನಲ್ಲಿ ಇರುತ್ತಿದ್ದವು. ಅವನ್ನು ಮುಟ್ಟಿದರೆ ಅಜ್ಜಿ ಕೈಗೆ ಹೊಡೆಯುತ್ತಿದ್ದಳು. ಅಪ್ಪ ಸತ್ತದ್ದು ಗುಳಿಗೆಯನ್ನು ನಡುವೆ ಬಿಟ್ಟಿದ್ದಕ್ಕೆ ಎಂದು ಈಗ ಗೊತ್ತು. ಆಗ ನನಗೆ ಗೊತ್ತಿದ್ದದ್ದು ಆ ತಾಟು ಮಾತ್ರ. ನನಗೂ ಟಿಬಿ ಎಂದು ಖಾತ್ರಿಯಾದ ದಿನ ಮನೆಗೆ ಬಂದವಳೇ ನನ್ನದೊಂದು ತಾಟು, ಒಂದು ಲೋಟ ಎತ್ತಿ ಬೇರೆ ಇಟ್ಟೆ. ಸಮುವೇಲ ಬಾಗಿಲಲ್ಲಿ ನಿಂತು ನೋಡಿದರು.

ಡಿಪೋ ಮ್ಯಾನೇಜರ್ ಸಾಹೇಬರಿಗೆ ಸರ್ಟಿಫಿಕೇಟ್ ತೋರಿಸಿ, ಯಾರಿಗೂ ಹೇಳಬೇಡಿ ಎಂದು ಕೈಮುಗಿದು ರಜೆ ಪಡೆದೆ. ಕಂಡಕ್ಟರಿಗೆ ಟಿಬಿ ಎಂದು ಗೊತ್ತಾದರೆ ಆ ಗಾಡಿ ಹತ್ತುವವರು ಯಾರು? ನಮ್ಮಿಬ್ಬರನ್ನೂ ಬಿಟ್ಟರೆ ಗೊತ್ತಿದ್ದದ್ದು ಅವರಿಗೊಬ್ಬರಿಗೇ. ಅತ್ತೆಗೆ ಮಾತ್ರ, ಧೂಳಿನ ಅಲರ್ಜಿ, ಅದಕ್ಕೆ ಡಿಪೋದ ಒಳಗೆ ಕೆಲಸ ಕೊಟ್ಟಿದ್ದಾರೆ ಎಂದು ಸುಳ್ಳು ಹೇಳಿದೆ.

ಅತ್ತೆಯ ವಿಷಯ ಹೇಳಬೇಕು. ಹೆಸರು ಸುಂದ್ರಮ್ಮ. ಕಮಲಾಪುರದಲ್ಲಿ ಒಬ್ಬರೇ ಇರುತ್ತಾರೆ, ಬಾ ಎಂದು ಕರೆದರೂ ತಮ್ಮ ಚರ್ಚಿನ ಸಭೆ ಬಿಟ್ಟು ಬರುವವರಲ್ಲ. ಅಕ್ಷರ ಕಲಿತವರಲ್ಲ. ನಾನು ಮದುವೆಯಾಗಿ ಬಂದ ಮರುದಿನವೇ ಸತ್ಯವೇದ ನನ್ನ ಕೈಗೆ ಕೊಟ್ಟು, "ಓದವ್ವಾ, ಇಷ್ಟು ದಿನ ಮಂದಿ ಮನಿಗಿ ಹೋಗಿ ಓದಿಸ್ಕೊಂಡು ಬರ್ತಿದ್ದೆ" ಅಂದರು. ನಾವು ನನ್ನ ತವರೂರು ಕೋಟನೂರಿಗೇ ಬಂದು ನೆಲೆಸಿದ ಮೇಲೆ ಅದು ಫೋನಿನಲ್ಲಿ ಮುಂದುವರಿಯಿತು. ದಿನಾ ಬೆಳಿಗ್ಗೆ ಚಹಾಕ್ಕೆ ನೀರಿಡುವ ಹೊತ್ತಿಗೆ ಅವರ ಫೋನು. ನಾನು ಅಂದಿನ ಭಾಗ ಓದಬೇಕು. ಓದಿದ ಮೇಲೆ ಇಬ್ಬರೂ ತಮಗೆ ಅದರಲ್ಲಿ ಸಿಕ್ಕಿದ್ದನ್ನು ಹೇಳಬೇಕು. ಏನೂ ಸಿಗಲಿಲ್ಲ ಅಂದರೆ ಬಿಡುತ್ತಿರಲಿಲ್ಲ. "ಮತ್ತೊಮ್ಮೆ ಓದು. ದೇವರು ಖಾಲಿ ಕೈಲೆ ಕಳಸಂಗಿಲ್ಲ" ಅನ್ನುತ್ತಿದ್ದರು.

ಗುಳಿಗೆ ಶುರುವಾದ ಮೊದಲ ವಾರಗಳು ಕೆಟ್ಟವು. ಖಾಲಿ ಹೊಟ್ಟೆಯಲ್ಲಿ ನುಂಗಿದರೆ ಓಕರಿಕೆ, ಕಾಲು ಸಂದುಗಳಲ್ಲಿ ನೋವು. ಮೊದಲ ದಿನ ಬಚ್ಚಲಿನಲ್ಲಿ ಮೂತ್ರ ಕೆಂಪಗೆ ಹೋದದ್ದು ನೋಡಿ ರಕ್ತವೆಂದು ತಿಳಿದು ಗೋಡೆ ಹಿಡಿದು ಅತ್ತುಬಿಟ್ಟೆ. ಅದು ಗುಳಿಗೆಯ ಬಣ್ಣ ಎಂದು ಸೆಂಟರಿನ ನರ್ಸಮ್ಮ ಮೊದಲೇ ಹೇಳಿದ್ದರು, ನನ್ನ ತಲೆಗೆ ಹೋಗಿರಲಿಲ್ಲ. ಅಂಥ ದಿನಗಳಲ್ಲೂ ಫೋನು ಬಂದರೆ ಎದ್ದು ಕೂತು ಓದುತ್ತಿದ್ದೆ. ನಡುವೆ ಕೆಮ್ಮು ಬಂದರೆ ಅತ್ತೆ ಕಾಯುತ್ತಿದ್ದರು. ಆ ಅರ್ಧ ಗಂಟೆ ನಾನು ರೋಗಿಯಲ್ಲ, ಸೊಸೆ.

ಕಮಲಾಪುರದ ನಮ್ಮ ಸಭೆ ಚಿಕ್ಕದು. ಪಾಸ್ಟರ್ ತಿಂಗಳ ಮೊದಲ ಭಾನುವಾರ ಬಂದು, ಯೇಸುವಿನ ನೆನಪಿಗೆ, ಕರ್ತನ ಭೋಜನ ಕೊಡುತ್ತಾರೆ. ಮೇಜಿನ ಮೇಲೆ ಒಂದು ತಟ್ಟೆಯಲ್ಲಿ ಬ್ರೆಡ್ಡಿನ ಚೂರು, ಒಂದೇ ಒಂದು ಪಾತ್ರೆಯಲ್ಲಿ ದ್ರಾಕ್ಷಾರಸ. ಪಾತ್ರೆ ಕೈಯಿಂದ ಕೈಗೆ, ಬಾಯಿಂದ ಬಾಯಿಗೆ ಹೋಗುತ್ತದೆ. ಆ ರಸ ಮಾಡುವವರು ಅತ್ತೆ. ಶನಿವಾರ ಒಣದ್ರಾಕ್ಷಿ ನೆನೆಹಾಕಿ, ಕುದಿಸಿ, ಬಿಳಿ ಬಟ್ಟೆಯಲ್ಲಿ ಸೋಸಿಡುತ್ತಾರೆ. ಮನೆಯೆಲ್ಲ ಆ ಸಿಹಿ ವಾಸನೆ. ನಾವು ಎಲ್ಲಿದ್ದರೂ ಆ ಭಾನುವಾರ ಕಮಲಾಪುರಕ್ಕೆ ಹೋಗುವುದು ತಪ್ಪಿರಲಿಲ್ಲ.

ನಮ್ಮಲ್ಲಿ ಒಂದು ಕಟ್ಟುನಿಟ್ಟು ಇದೆ. ಪಾಸ್ಟರ್ ಕರೆದಾಗ ಮೇಜಿಗೆ ಏಳದೆ ಕೂತವನ ಎದೆಯಲ್ಲಿ ಏನೋ ಇದೆ ಎಂದೇ ಲೆಕ್ಕ. ಮರೆಯ ಪಾಪವಿರಬೇಕು, ಇಲ್ಲವೇ ಯಾರ ಮೇಲೋ ಹಗೆಯಿರಬೇಕು. ಮೊದಲು ಹೋಗಿ ಒಂದಾಗಿ ಬಾ, ಆಮೇಲೆ ಮೇಜಿಗೆ ಬಾ. ಚಿಕ್ಕಂದಿನಿಂದ ಕೇಳಿದ್ದು ಅದು. ಯಾರೂ ಬಾಯಿಬಿಟ್ಟು ಕೇಳುವುದಿಲ್ಲ. ಕಣ್ಣುಗಳು ಮಾತ್ರ ಬೆಂಚಿನ ಕಡೆ ಹೊರಳುತ್ತವೆ.

ಗುಳಿಗೆ ಶುರುವಾಗಿ ಮೂರು ವಾರದ ಮೇಲೆ ಮೊದಲ ಭಾನುವಾರ ಬಂತು. ಹೊರಗೆ ಹೋಗಬಹುದು, ಮುಖಗವಸು ಹಾಕಿಕೊಳ್ಳಿ ಎಂದು ಸೆಂಟರಿನಲ್ಲಿ ಹೇಳಿದ್ದರು. ಹೋದೆ. ಬಾಗಿಲ ಹತ್ತಿರದ ಕೊನೆಯ ಬೆಂಚಿನಲ್ಲಿ ಕೂತೆ. ಪಾಸ್ಟರ್ ಕರೆದರು. ಹೆಂಗಸರೆಲ್ಲ ಎದ್ದು ಸೆರಗು ಹೊದ್ದು ಮುಂದೆ ಹೋದರು. ನಾನು ಕೂತೇ ಇದ್ದೆ. ನನ್ನ ಕಣ್ಣ ಮುಂದೆ ಅಪ್ಪನ ಲೋಟ. ಆ ಪಾತ್ರೆಗೆ ನಾನು ಬಾಯಿ ಹಚ್ಚಿದರೆ, ನನ್ನ ಹಿಂದೆ ಕುಡಿಯುವ ಮುದುಕಿಯರು, ಬಸುರಿಯರು! ಆದರೆ ಹೊಟ್ಟೆಯೊಳಗಿನ ಹಸಿವು ಕೇಳಬೇಕಲ್ಲ. ಅದು ಅನ್ನದ ಹಸಿವಲ್ಲ. ಎಲ್ಲರೂ ತಲೆಬಾಗಿ, ಬಾಯೊರೆಸಿಕೊಳ್ಳುತ್ತ, ಹಗುರಾಗಿ ಮರಳಿ ಬರುವುದನ್ನು ನೋಡುತ್ತ ಕೂತಿದ್ದೆ. ಕರ್ತನೇ, ನಿನ್ನ ಕರುಣೆ ಆ ಮೇಜಿನವರೆಗೇ ಇದೆಯೇ, ಈ ಕೊನೆಯ ಬೆಂಚಿಗೆ ಬರುವುದಿಲ್ಲವೇ ಎಂದು ಒಳಗೇ ಕೇಳಿದೆ.

ಆ ತಿಂಗಳು ಸೆಂಟರಿನ ಹೊರಗಿನ ಕಟ್ಟೆಯ ಮೇಲೆ ಕೂತಿದ್ದಾಗ ಬುರ್ಖಾ ತೊಟ್ಟ ಮುದುಕಿಯೊಬ್ಬರು ನನ್ನನ್ನೇ ನೋಡುತ್ತಿದ್ದರು. ನಾನು ಮುಖಗವಸು ಇನ್ನೂ ಮೇಲೆಳೆದುಕೊಂಡೆ. "ನೀ ಕಂಡಕ್ಟರ್ ಬಾಯಿ ಅಲ್ಲೇನು?" ಅಂದರು. ಕಮಲಾಪುರದ ಸಂತೆಗೆ ನನ್ನ ಗಾಡಿಯಲ್ಲೇ ಬರುತ್ತಿದ್ದವರು. ಚೀಲವನ್ನು ಗಾಡಿಯ ನಡುದಾರಿಯಲ್ಲಿ ಇಟ್ಟಿದ್ದಕ್ಕೆ ನಾನು ಎಷ್ಟೋ ಸಲ ಬೈದಿದ್ದೆ. ನನಗೆ ನೆಲ ಬಿರಿಯಬಾರದೇ ಅನಿಸಿತು. ಅವರು ಪಕ್ಕಕ್ಕೆ ಸರಿದು ಕೂತು ಮೆಲ್ಲಗೆ ಹೇಳಿದರು: "ಡರ್ನಾ ನಕ್ಕೋ ಬೇಟಾ, ಅಂಜಬ್ಯಾಡ. ನಾ ಯಾರ ಮುಂದೂ ಹೇಳಂಗಿಲ್ಲ. ನೀನೂ ನಂದು ಹೇಳಬ್ಯಾಡ. ಸೊಸಿಗಿ ಗೊತ್ತಾದ್ರ ಮೊಮ್ಮಕ್ಕಳಿಗಿ ಹತ್ರ ಬಿಡಂಗಿಲ್ಲ." ಇಬ್ಬರೂ ಹೂಂ ಅಂದೆವು. ನನ್ನ ಹೆಸರು ಕರೆಯುವವರೆಗೂ ಅವರು ನನ್ನ ಕೈ ಹಿಡಿದುಕೊಂಡೇ ಇದ್ದರು. ರೋಗ ಗೊತ್ತಾದ ಮೇಲೆ ಹೊರಗಿನವರು ನನ್ನನ್ನು ಮುಟ್ಟಿದ್ದು ಅದೇ ಮೊದಲು.

ಎರಡನೇ ತಿಂಗಳ ಭಾನುವಾರವೂ ಏಳಲಿಲ್ಲ. ಈ ಸಲ ಕಣ್ಣುಗಳು ಹೊರಳಿದವು. ಹಿರಿಯರೊಬ್ಬರು ಹೊರಗೆ ಸಮುವೇಲರನ್ನು ಬದಿಗೆ ಕರೆದು, "ಮನ್ಯಾಗ ಎಲ್ಲಾ ಬರೋಬರಿ ಅದ ಅಲ್ಲ?" ಎಂದು ಕೇಳಿದರಂತೆ. ಇವರು ಹೂಂ ಎಂದು ತಲೆ ಅಲ್ಲಾಡಿಸಿ ಬಂದರು. ದಾರಿಯಲ್ಲಿ ಒಂದೇ ಮಾತು ಅಂದರು: "ಅವ್ವಗ ಹೇಳಿಬಿಡು ಎಸ್ತೇರ." ನಾನು, "ನಿಮಗೇನ್ರಿ, ಹೇಳೂದು ನಿಮಗ ಸಸಾರ" ಎಂದು ಹರಿಹಾಯ್ದೆ.

ಮರುವಾರ ಬೆಳಗಿನ ಓದಿನಲ್ಲಿ, ಹನ್ನೆರಡು ವರ್ಷ ರಕ್ತ ಹೋಗುತ್ತಿದ್ದ ಹೆಂಗಸೊಬ್ಬಳ ಕಥೆ ಬಂತು. ಗುಂಪಿನೊಳಗೆ ಹಿಂದಿನಿಂದ ನುಸುಳಿ ಯೇಸುವಿನ ಬಟ್ಟೆಯ ಅಂಚು ಮುಟ್ಟಿ ಗುಣವಾದವಳು. ನನಗೇನು ಸಿಕ್ಕಿತು ಎಂದು ಅತ್ತೆ ಕೇಳಿದರೆ, "ಆಕಿಗಿ ಆರಾಮಾಯ್ತಲ್ರಿ, ಅದೇ" ಅಂದೆ.

"ಅಷ್ಟೇ ಏನು?" ಅಂದರು ಅತ್ತೆ. "ಆರಾಮ ಆದ ಮ್ಯಾಲ ಸುಮ್ಮ ಮನಿಗಿ ಹೋಗಲಿ ಅಂತ ಯೇಸಪ್ಪ ಬಿಡಬಹುದಿತ್ತು. ಬಿಡಲಿಲ್ಲ ನೋಡು. ಯಾರು ಮುಟ್ಟಿದವರು ಅಂತ ಕೇಳಿ ಎಲ್ಲಾರ ಮುಂದ ಆಕಿ ಬಾಯಿ ಬಿಡಿಸಿದ. ಯಾಕ ಹೇಳು?"

"ಯಾಕ್ರಿ ಅತ್ತಿ?"

"ಇನ್ನ ಮ್ಯಾಲ ಆಕಿ ಅಂಜಿ ಹಿಂದಿನಿಂದ ಬರಬಾರದಂತ. ಮುಂದಿನಿಂದ ಬರಲಿ ಅಂತ."

ಫೋನು ಇಟ್ಟು ಒಲೆಯ ಮುಂದೆ ಕೂತೆ. ಚಹಾ ಉಕ್ಕಿ ಹೋಯಿತು. ಹೇಳಬೇಕು ಅನಿಸಿತು, ಆದರೆ ಆ ದಿನವೂ ಹೇಳಲಿಲ್ಲ, ಮರುದಿನವೂ ಹೇಳಲಿಲ್ಲ. ಗುಳಿಗೆ ಶುರುವಾಗಿ ಎರಡು ತಿಂಗಳಾದಾಗ ಮಾಡಿಸಿದ ಕಫದ ಪರೀಕ್ಷೆ ಚೆನ್ನಾಗಿ ಬಂತು. ಆದರೂ ಗುಳಿಗೆ ಇನ್ನೂ ಇದ್ದವಲ್ಲ. ಗುಳಿಗೆ ಇರುವ ತನಕ ರೋಗ ಇದೆ, ರೋಗ ಇರುವ ತನಕ ಪಾತ್ರೆ ನನ್ನದಲ್ಲ ಎಂದು ನಾನೇ ಒಂದು ಕಾನೂನು ಮಾಡಿಕೊಂಡು ಕೂತೆ.

ಮೂರನೇ ತಿಂಗಳ ಭಾನುವಾರ. ಪಾಸ್ಟರ್ ಕರೆದರು. ಹೆಂಗಸರಲ್ಲಿ ಯಾವಾಗಲೂ ಮೊದಲು ಏಳುವವರು ಅತ್ತೆ. ಅಂದು ಮೊದಲ ಬೆಂಚಿನಿಂದ ಅವರು ಏಳಲಿಲ್ಲ. ಹಿಂದಿನವರು ಕಾದರು. ಪಾಸ್ಟರ್ ಮತ್ತೊಮ್ಮೆ ಕರೆದರು. ಅತ್ತೆ ಮೆಲ್ಲನೆ ಎದ್ದರು, ಆದರೆ ಮುಂದೆ ಹೋಗಲಿಲ್ಲ. ಸೆರಗು ಸರಿಮಾಡಿಕೊಂಡು, ಎಲ್ಲರ ಎದುರು ಹಿಂದಕ್ಕೆ ನಡೆದು ಬಂದು, ನನ್ನ ಪಕ್ಕದಲ್ಲಿ ಕೊನೆಯ ಬೆಂಚಿನಲ್ಲಿ ಕೂತುಬಿಟ್ಟರು. ನನ್ನ ಮುಖ ನೋಡಲಿಲ್ಲ. ಅವರೇ ಸೋಸಿದ ರಸ, ಅವರೇ ತೊಳೆದು ತಂದ ಪಾತ್ರೆ, ಅವರಿಲ್ಲದೆ ಕೈಯಿಂದ ಕೈಗೆ ಹೋಯಿತು.

ಮನೆಗೆ ಬಂದ ಮೇಲೆ ಅತ್ತೆ ಏನೂ ಆಗದವರಂತೆ ರೊಟ್ಟಿ ಬಡಿಯಲು ಕೂತರು. ನಾನು ಅಡುಗೆಮನೆಯ ಬಾಗಿಲಲ್ಲಿ ನಿಂತೆ.

"ಅತ್ತಿ, ನೀವ್ಯಾಕ ಹೋಗಲಿಲ್ರಿ?"

"ನೀ ಯಾಕ ಹೋಗಲಿಲ್ಲ?"

"ನಂದು ಬ್ಯಾರೆ ಅದರಿ."

"ಏನ್ ಬ್ಯಾರೆ?" ಕೈ ನಿಲ್ಲಲಿಲ್ಲ, ರೊಟ್ಟಿ ತಿರುಗುತ್ತಲೇ ಇತ್ತು. "ಮೂರು ತಿಂಗಳಾಯ್ತು ನೋಡಾಕತ್ತೀನಿ. ನಾ ಏನ್ ಹುಚ್ಚಿ ಏನು? ಕ್ರಿಸ್ಮಸ್‌ನಾಗ ನೀ ಡ್ಯೂಟಿ ಮುಗಿಸಿ ತಡಾ ಮಾಡಿ ಬಂದಿ. ಬೀಗರ ಮುಂದ ನಾ ಅಂದೆ, ನಮ್ಮ ಸೊಸಿಗಿ ಮನಿ ಅಂದ್ರ ಒಂದು ಸ್ಟಾಪ್ ಇದ್ದಂಗ, ಇಳೀತಾಳ, ಹೋಗ್ತಾಳ ಅಂತ. ಎಲ್ಲಾರೂ ನಕ್ಕರು. ನೀ ನಗಲಿಲ್ಲ. ಅವತ್ತೇ ನನ್ನ ನಾಲಿಗಿ ಸುಡಬೇಕಿತ್ತು. ನನ್ನ ಮ್ಯಾಲಿನ ಸಿಟ್ಟಿಗಿ ನೀ ಕರ್ತನ ಮೇಜು ಬಿಟ್ಟಿ. ನಿನ್ನ ಮೇಜು ಬಿಡಿಸಿದಾಕಿ ನಾ ಯಾವ ಮುಖ ಇಟ್ಕೊಂಡು ಹೋಗ್ಲಿ?" ಸೆರಗಿನಿಂದ ಕಣ್ಣೊರೆಸಿಕೊಂಡರು. "ಕ್ಷಮಿಸಬೇಕವ್ವಾ. ಹಿರೇಕಿ ಅಂತ ನನ್ನ ಬಿಂಕ ಮೊದಲೇ ಕೇಳಾಕ ನನಗ ಬಿಡಲಿಲ್ಲ."

ಆ ಮಾತು ನನಗೆ ತಾಗಲೇ ಇಲ್ಲ ಅಂದರೆ ಸುಳ್ಳಾದೀತು. ಎರಡು ದಿನ ಚುಚ್ಚಿತ್ತು, ಮರೆತಿದ್ದೆ. ಅವರು ಅದನ್ನು ಇಷ್ಟು ದಿನ ಹೊತ್ತು ತಿರುಗಿದ್ದಾರೆ! ನನ್ನ ಮೌನ ನನ್ನೊಬ್ಬಳದೇ ಅಂದುಕೊಂಡಿದ್ದೆ. ಆ ಮೌನ ಅವರ ಬಾಯಿಂದಲೂ ಪಾತ್ರೆ ಕಿತ್ತುಕೊಂಡಿತ್ತು. ಅಲ್ಲೇ ನೆಲದ ಮೇಲೆ ಅವರ ಎದುರು ಕೂತೆ.

"ಅತ್ತಿ, ನಿಮ್ಮ ಮ್ಯಾಲ ಸಿಟ್ಟಿಲ್ರಿ. ನನಗ ಟಿಬಿ ಆಗ್ಯದ."

ಈಗ ಕೈ ನಿಂತಿತು. ಹಂಚಿನ ಮೇಲಿನ ರೊಟ್ಟಿ ಸುಟ್ಟು ವಾಸನೆ ಬಂದರೂ ತಿರುವಲಿಲ್ಲ. ಎಲ್ಲ ಹೇಳಿದೆ. ಎಕ್ಸ್‌ರೇ, ಗುಳಿಗೆ, ಸುಳ್ಳು ಡ್ಯೂಟಿ, ಅಪ್ಪನ ತಾಟು, ಎಲ್ಲ. ಕೇಳುತ್ತ ಕೇಳುತ್ತ ಅವರ ಮುಖ ಕೆಂಪಾಯಿತು.

"ಹುಚ್ಚಿ! ಹುಚ್ಚ ಖೋಡಿ!" ಹಿಟ್ಟಿನ ಕೈಯಲ್ಲೇ ನನ್ನ ತಲೆಗೊಂದು ಕೊಟ್ಟರು. "ನಾ ಮೂರು ತಿಂಗಳಿಂದ ಮೊಳಕಾಲೂರಿ ನನ್ನ ಪಾಪ ಹುಡುಕಾಕತ್ತೀನಿ. ನೀ ಅಲ್ಲಿ ಒಬ್ಬಾಕಿ ಕೂತು ಗುಳಗಿ ನುಂಗಾಕತ್ತಿ! ಪಾತ್ರಿಯಿಂದ ಬರ್ತದಂತ ನಿನಗ ಯಾರ ಹೇಳ್ಯಾರ?"

"ಯಾರೂ ಹೇಳಿಲ್ರಿ."

"ಕೇಳಿದೇನು?"

"ಇಲ್ರಿ."

"ಯವ್ವಾ ನನ್ನವ್ವಾ! ದಿನಾ ಹತ್ತಿದ ಮಂದಿಗೆಲ್ಲಾ ಎಲ್ಲಿಗಿ, ಎಲ್ಲಿಗಿ ಅಂತ ಕೇಳ್ತಿ. ಇದೊಂದು ಕೇಳಲಿಕ್ಕಿ ಬಾಯಿ ಬರಲಿಲ್ಲ?"

ಆಮೇಲೆ ನನ್ನನ್ನು ಎಳೆದುಕೊಂಡು ಎದೆಗೆ ಹಚ್ಚಿಕೊಂಡರು. ನಾನು ಮುಖ ತಿರುಗಿಸಲು ನೋಡಿದೆ, ಬಿಡಲಿಲ್ಲ. ಇಬ್ಬರೂ ಅತ್ತೆವು. ಸಮುವೇಲ ಹೊರಗಿನಿಂದ ಬಂದು, ಹಂಚಿನ ಮೇಲಿನ ಸುಟ್ಟ ರೊಟ್ಟಿ ತೆಗೆದು, ಒಲೆ ಆರಿಸಿ ಹೋದರು.

ಮುಂದಿನ ವಾರ ಸೆಂಟರಿಗೆ ಅತ್ತೆ ತಾವೇ ಬಂದರು. ನರ್ಸಮ್ಮನ ಮೇಜಿನ ಮುಂದೆ ನಿಂತು ನೇರವಾಗಿ ಕೇಳಿದರು: "ನರ್ಸಮ್ಮಾ, ನಮ್ಮ ಸೊಸಿ ಕುಡದ ಪಾತ್ರಿ ಇನ್ನೊಬ್ಬರು ಕುಡದರ ನಡೀತದೇನು?"

ನರ್ಸಮ್ಮ ನಕ್ಕರು. "ಇದು ತಾಟು ಲೋಟದಿಂದ ಹಬ್ಬಂಗಿಲ್ರಿ ಅಮ್ಮಾ. ಕೆಮ್ಮಿದ ಗಾಳಿಯಿಂದ ಹಬ್ತದ. ಅದೂ ಗುಳಗಿ ತಗೊಳ್ಳಾಕ ಹತ್ತಿದ ಮ್ಯಾಲ ಕಮ್ಮಿ ಆಗಿಬಿಡ್ತದ. ಈಗಂತೂ ಕಫದಾಗ ಏನೂ ಇಲ್ಲ. ಗುಳಗಿ ಮಾತ್ರ ಆರು ತಿಂಗಳು ಬಿಡಬಾರದು. ನೀವೂ, ನಿಮ್ಮ ಮಗಾನೂ ಒಂದು ಸಲ ಪರೀಕ್ಷಾ ಮಾಡಿಸ್ಕೊಂಡು ಹೋಗ್ರಿ."

ಮಾಡಿಸಿದೆವು. ಇಬ್ಬರಿಗೂ ಏನೂ ಇರಲಿಲ್ಲ, ದೇವರು ದೊಡ್ಡವನು. ನಾನು ಮಾತ್ರ ನನ್ನ ಬುದ್ಧಿಗೆ ನಾನೇ ನಕ್ಕೆ. ರೋಗ ಗೊತ್ತಾಗುವ ಮೊದಲು, ಬಾಯಿಗೆ ಬಟ್ಟೆಯಿಲ್ಲದೆ, ಅದೇ ಸಭೆಯಲ್ಲಿ ಕೆಮ್ಮುತ್ತ ಕೂತಿದ್ದಾಗ ಹೆದರಿಕೆ ಇರಲಿಲ್ಲ. ಹೆದರಬೇಕಾಗಿಲ್ಲದ ಪಾತ್ರೆಗೆ ಹೆದರಿ ಹಸಿದು ಕೂತೆ. ಇದನ್ನು ಓದುವವರು ಯಾರಾದರೂ ನನ್ನಂತೆ ಬೇರೆ ತಾಟು ಇಟ್ಟುಕೊಂಡಿದ್ದರೆ, ಮೊದಲು ಹೋಗಿ ಕೇಳಿ. ಕೇಳಲು ನಾಚಿಕೆಯಾದರೆ ನಮ್ಮ ಅತ್ತೆಯಂಥ ಒಬ್ಬರನ್ನು ಕರೆದುಕೊಂಡು ಹೋಗಿ.

ನಾಲ್ಕನೇ ತಿಂಗಳ ಭಾನುವಾರ, ಭೋಜನಕ್ಕೆ ಮೊದಲು ಸಭೆಯವರು ತಮ್ಮ ಅನುಭವದ ಸಾಕ್ಷಿ ಹೇಳುವ ಹೊತ್ತಿನಲ್ಲಿ ನಾನು ಎದ್ದು ನಿಂತೆ. ಗಾಡಿಯ ತುಂಬ ಜನರ ಮುಂದೆ ಕೂಗುವವಳು ಮುಂದಿನ ಬೆಂಚನ್ನು ಗಟ್ಟಿಯಾಗಿ ಹಿಡಿದುಕೊಂಡೆ. "ನನಗ ಟಿಬಿ ಆಗಿತ್ತು. ಅದಕ್ಕೇ ಮೂರು ತಿಂಗಳು ಕೂತೆ. ನನ್ನ ಅತ್ತಿ ಮ್ಯಾಲ ನನಗ ಏನೂ ಇಲ್ಲ. ಇನ್ನೂ ಗುಳಗಿ ನಡದಾವ. ಪಾತ್ರಿಯಿಂದ ಬರಂಗಿಲ್ಲ ಅಂತ ದವಾಖಾನ್ಯಾಗ ಹೇಳ್ಯಾರ. ದೇವರು ನನ್ನ ಕೈ ಬಿಡಲಿಲ್ಲ, ನಾನೇ ಬಿಟ್ಟಿದ್ದೆ" ಅಂದು ಕೂತೆ. ಯಾವಾಗಲೂ ಸ್ತೋತ್ರ ಎನ್ನುವವರೂ ಅನ್ನಲಿಲ್ಲ. ಪಾಸ್ಟರ್ ಮಾತ್ರ ಕಣ್ಣು ಮುಚ್ಚಿ ಆಮೆನ್ ಅಂದರು.

ಮೇಜಿಗೆ ಕರೆದಾಗ ನಾನು ಎಲ್ಲರನ್ನೂ ಮುಂದೆ ಬಿಟ್ಟೆ. ಕೇಳಿ ತಿಳಿದಿದ್ದರೂ ಅಂಜಿಕೆ ಪೂರ್ತಿ ಹೋಗಿರಲಿಲ್ಲ, ನನ್ನದೂ, ಅವರದೂ. ಕೆಲವರು ಅವಸರದಿಂದ ಎದ್ದು ಮುಂದೆ ಹೋದದ್ದನ್ನು ನೋಡಿದೆ. ಅವರ ಮೇಲೆ ನನಗೆ ಸಿಟ್ಟಿಲ್ಲ. ನನ್ನ ಹಿಂದೆ ಕುಡಿಯುವ ಕಷ್ಟ ಯಾರಿಗೂ ಕೊಡಬಾರದೆಂದು ಎಲ್ಲರೂ ಮುಗಿದ ಮೇಲೆ ಹೋಗಿ ಮೊಣಕಾಲೂರಿದೆ. ಬ್ರೆಡ್ಡಿನ ಚೂರು ನಾಲಿಗೆಯ ಮೇಲೆ ಕರಗಿತು. ಪಾತ್ರೆ ತುಟಿಗೆ ತಣ್ಣಗೆ ತಾಗಿತು. ಒಂದೇ ಗುಟುಕು ಕುಡಿದೆ. ಆ ಸಿಹಿಗೆ ಕಣ್ಣು ತುಂಬಿ ಮೇಜೇ ಕಾಣದಾಯಿತು. ನಾನೇ ಕೊನೆಯವಳೆಂದು ಪಾತ್ರೆಯನ್ನು ಪಾಸ್ಟರ್ ಕೈಗೆ ಮರಳಿಸಲು ಹೋದೆ. ಉಳಿದದ್ದನ್ನು ಅವರು ಕುಡಿದು ಮುಗಿಸುವುದು ರೂಢಿ.

ಪಕ್ಕದಿಂದ ಒಂದು ಕೈ ಬಂದು ಪಾತ್ರೆ ಹಿಡಿಯಿತು. ಅತ್ತೆ. ಎಲ್ಲರಿಗಿಂತ ಮೊದಲು ಏಳುವವರು ಅಂದು ನನಗಾಗಿ ಕಾದು, ನನ್ನ ಪಕ್ಕ ಮೊಣಕಾಲೂರಿದ್ದರು. ನಾನು ತುಟಿಯಿಟ್ಟ ಕಡೆಯೇ ತುಟಿಯಿಟ್ಟು, ಒಂದು ಗುಟುಕಲ್ಲ, ತಲೆ ಹಿಂದಕ್ಕೆ ಚೆಲ್ಲಿ ತಳದವರೆಗೆ ಕುಡಿದರು. ಆಮೇಲೆ ಖಾಲಿ ಪಾತ್ರೆಯನ್ನು ಪಾಸ್ಟರ್ ಕೈಗೆ ಕೊಟ್ಟು, ಸೆರಗಿನಿಂದ ಬಾಯೊರೆಸಿಕೊಂಡು, ಇಡೀ ಸಭೆಗೆ ಕೇಳುವಂತೆ ಅಂದರು:

"ನಿಮಗ ಉಳೀಲಿಲ್ರಿ ಪಾಸ್ಟರ್. ಮುಂದಿನ ತಿಂಗಳ ಜಾಸ್ತಿ ಮಾಡ್ತೀನಿ."